ಅದ್ಭುತದ ಕಥೆ ಓದುವುದು ಹೇಗೆ: ಮನೆ ಪ್ರಾರ್ಥನೆಯಲ್ಲಿ ವಾಕ್ಯ ಹೇಳುವವರಿಗೆ

ಬುಧವಾರ ಸಂಜೆ ಏಳೂವರೆ. ಹಾಲ್‌ನಲ್ಲಿ ಚಾಪೆ ಹಾಸಿದೆ, ಹತ್ತು ಹನ್ನೆರಡು ಜನ ಕೂತಿದ್ದಾರೆ, ಅಡುಗೆಮನೆಯಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿದೆ. ಈ ವಾರ ವಾಕ್ಯ ನಿಮ್ಮದು ಎಂದು ಹೋದ ವಾರವೇ ಹೇಳಿಬಿಟ್ಟಿದ್ದಾರೆ. ನೀವು ಸತ್ಯವೇದ ತೆರೆದಿದ್ದೀರಿ. ಯೇಸು ಯಾರನ್ನೋ ವಾಸಿಮಾಡಿದ ಕಥೆ, ಎಲ್ಲರಿಗೂ ಗೊತ್ತಿರುವುದೇ. ಓದಿ ಮುಗಿಸಿದ ಮೇಲೆ ಏನು ಹೇಳುತ್ತೀರಿ?

ನಮ್ಮಲ್ಲಿ ಜಾಸ್ತಿ ಜನ ಹೇಳುವುದು ಒಂದೇ. ಅವಳು ನಂಬಿದಳು, ಗುಣವಾಯಿತು. ನೀವೂ ನಂಬಿ, ಗುಣವಾಗುತ್ತೆ. ಆಮೆನ್. ಆಮೇಲೆ ಕಾಫಿ.

ನಾನೂ ಬಹಳ ವರ್ಷ ಹಾಗೇ ಹೇಳಿಕೊಂಡು ಬಂದೆ. ಆಮೇಲೆ ನಮ್ಮ ಚಿಕ್ಕಪ್ಪನ ಕಿಡ್ನಿ ಎರಡೂ ಹೋದವು. ಎರಡು ವರ್ಷ ಡಯಾಲಿಸಿಸ್, ವಾರಕ್ಕೆ ಮೂರು ಸಲ, ಅದರ ಜೊತೆಗೆ ಉಪವಾಸ ಪ್ರಾರ್ಥನೆ, ಎಣ್ಣೆ ಹಚ್ಚಿ ಪ್ರಾರ್ಥನೆ, ಎಲ್ಲ ಆಯಿತು. ಅವರು ತೀರಿಕೊಂಡ ಮೂರನೇ ದಿನ ಮನೆಗೆ ಬಂದ ಒಬ್ಬ ಬೋಧಕರು ಚಿಕ್ಕಮ್ಮನ ಎದುರಿಗೇ, "ಎಲ್ಲೋ ನಂಬಿಕೆ ಸಾಲಲಿಲ್ಲ ಅನ್ಸುತ್ತೆ ಅಮ್ಮಾ" ಎಂದರು. ಚಿಕ್ಕಮ್ಮ ಏನೂ ಹೇಳಲಿಲ್ಲ. ಕೈಯಲ್ಲಿದ್ದ ಲೋಟ ತೊಳೆಯಲು ಒಳಗೆ ಹೋದರು. ಒಂದು ಲೋಟ ತೊಳೆಯೋಕೆ ಎಷ್ಟು ಹೊತ್ತು ಬೇಕು? ನಲ್ಲಿ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ನನಗೆ ಸಿಟ್ಟು ಬಂತು, ಆದರೆ ಮನೆಗೆ ಹೋಗುವ ದಾರಿಯಲ್ಲಿ ಇನ್ನೊಂದು ಯೋಚನೆ ಬಂದು ಸಿಟ್ಟು ಇಳಿದುಹೋಯಿತು. ಅದೇ ಮಾತನ್ನು ಸ್ವಲ್ಪ ಮೃದುವಾಗಿ, ಬೇರೆ ಬೇರೆ ಮನೆಗಳಲ್ಲಿ, ನಾನೇ ಎಷ್ಟು ಬುಧವಾರ ಹೇಳಿಲ್ಲ?

ಅವತ್ತಿನಿಂದ ಈ ಕಥೆಗಳನ್ನು ಮೊದಲಿಂದ ಓದತೊಡಗಿದೆ. ಓದಿದಷ್ಟೂ ಗೊತ್ತಾಗಿದ್ದು ಇಷ್ಟು: ನಂಬಿಕೆ ಇಷ್ಟು ಹಾಕಿದರೆ ಗುಣ ಇಷ್ಟು ಬರುತ್ತದೆ ಎನ್ನುವ ಲೆಕ್ಕ ಸುವಾರ್ತೆಯ ಒಂದು ಕಥೆಯಲ್ಲೂ ಕೂಡಿ ಬರುವುದಿಲ್ಲ. ಹಾಗಾದರೆ ಕಥೆ ಏನು ಹೇಳುತ್ತದೆ, ಅದನ್ನು ಕೂಟದಲ್ಲಿ ಹೇಗೆ ಓದಬೇಕು ಎಂದು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಬ್ಬರೇ ಕೂತು ಓದಿ, ಪೆನ್ಸಿಲ್ ಹಿಡಿದು

ಎರಡು ದಿನ ಮುಂಚೆ ಓದಿ. ಮೊಬೈಲ್‌ನಲ್ಲಿ ಬೇಡ, ಪುಸ್ತಕದಲ್ಲೇ ಓದಿ, ಗೆರೆ ಎಳೆಯೋಕೆ ಬರಬೇಕಲ್ಲ. ಶುರುವಿಗೆ ಮಾರ್ಕ ಒಳ್ಳೆಯದು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಬರೀ 16 ಅಧ್ಯಾಯ, ಆದರೆ ಒಂದೊಂದು ಅದ್ಭುತವನ್ನೂ ಅವನು ಬಿಡಿಸಿ ಬಿಡಿಸಿ ಹೇಳುತ್ತಾನೆ. ಯಾಯೀರನ ಮಗಳ ಕಥೆಗೆ ಮತ್ತಾಯ ಒಂಬತ್ತು ವಚನದಲ್ಲಿ ಕೈ ತೊಳೆದುಕೊಂಡರೆ ಮಾರ್ಕ 23 ವಚನ ತೆಗೆದುಕೊಳ್ಳುತ್ತಾನೆ.

ಓದುವಾಗ ಗೆರೆ ಎಳೆಯಬೇಕಾದದ್ದು ಇವುಗಳ ಕೆಳಗೆ: ಸಹಾಯ ಕೇಳಿದ್ದು ಯಾರು, ಯಾರಿಗೋಸ್ಕರ. ಯಾರು ಬಾಯೇ ಬಿಡಲಿಲ್ಲ. ಯೇಸು ಕೈಯಿಂದ ಏನು ಮಾಡಿದ. ಅಡ್ಡ ಬಂದದ್ದು ಯಾರು. ಇನ್ನೊಂದು, ಇದನ್ನು ಎಲ್ಲರೂ ಮರೆಯುತ್ತಾರೆ: ಅದ್ಭುತ ಆದ ಮೇಲೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ, ಇನ್ನೂ ಒಂದೆರಡು ವಚನ ಇರುತ್ತದೆ. ಅದನ್ನು ಬಿಡಬೇಡಿ. ಎಷ್ಟೋ ಸಲ ಕಥೆಯ ಜೀವ ಅಲ್ಲೇ ಇರುತ್ತದೆ.

ಅದೇ ಕಥೆ ಬೇರೆ ಸುವಾರ್ತೆಯಲ್ಲಿ ಇದ್ದರೆ ಅದನ್ನೂ ಓದಿ. ವ್ಯತ್ಯಾಸ ಕಂಡರೆ ಗಾಬರಿ ಬೇಡ, ಅದನ್ನೇ ಗುರುತು ಮಾಡಿಕೊಳ್ಳಿ. ರಕ್ತಸ್ರಾವದ ಹೆಂಗಸು ವೈದ್ಯರ ಹತ್ತಿರ ಇದ್ದದ್ದೆಲ್ಲ ಖರ್ಚು ಮಾಡಿದಳು, ವಾಸಿಯಾಗುವ ಬದಲು ಇನ್ನೂ ಜಾಸ್ತಿಯಾಯಿತು ಎಂದು ಮಾರ್ಕ ಬರೆಯುತ್ತಾನೆ. ಲೂಕ ಆ 'ಇನ್ನೂ ಜಾಸ್ತಿಯಾಯಿತು' ಅನ್ನುವುದನ್ನು ಬಿಟ್ಟು, ಯಾರಿಂದಲೂ ವಾಸಿಮಾಡಲು ಆಗಲಿಲ್ಲ ಎಂದಷ್ಟೇ ಹೇಳುತ್ತಾನೆ. ಲೂಕ ಸ್ವತಃ ವೈದ್ಯ ಎಂಬುದು ಸಭೆಯ ಹಳೆಯ ನಂಬಿಕೆ. ತನ್ನ ವೃತ್ತಿಯವರನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲವೇನೋ. ಇದು ನನ್ನ ಊಹೆ ಅಷ್ಟೇ, ಆದರೆ ಕೂಟದಲ್ಲಿ ಇದನ್ನು ಹೇಳಿದರೆ ನಿದ್ದೆ ಮಾಡುವವರೂ ಎದ್ದು ಕೂರುತ್ತಾರೆ.

ಒಂದು ಕಥೆ, ಹತ್ತಿರದಿಂದ

ಮಾರ್ಕ 5, 21ನೇ ವಚನದಿಂದ ತೆಗೆಯಿರಿ. ಸಭಾಮಂದಿರದ ಅಧಿಕಾರಿ ಯಾಯೀರ ಬಂದು ಕಾಲಿಗೆ ಬೀಳುತ್ತಾನೆ. ಮಗಳು ಸಾಯುವ ಹಾಗಿದ್ದಾಳೆ, ಬಾ. ಯೇಸು ಹೊರಡುತ್ತಾನೆ, ಹಿಂದೆ ಜನವೋ ಜನ. ಆ ನೂಕುನುಗ್ಗಲಿನಲ್ಲಿ ಒಬ್ಬ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. ಹನ್ನೆರಡು ವರ್ಷದಿಂದ ರಕ್ತ ಹೋಗುತ್ತಿದೆ ಅವಳಿಗೆ.

ಕನ್ನಡದಲ್ಲಿ ಓದುವ ನಮಗೆ ಇಲ್ಲಿ ಒಂದು ಲಾಭ ಇದೆ, ಅದನ್ನು ಬಿಟ್ಟುಕೊಡಬೇಡಿ. ನಮ್ಮಲ್ಲಿ ಮುಟ್ಟು ಅಂದರೆ ಕೈ ತಾಗಿಸುವುದು. ಮುಟ್ಟು ಅಂದರೆ ಹೆಂಗಸರ ತಿಂಗಳ ಮುಟ್ಟೂ ಹೌದು. ಎರಡೂ ಒಂದೇ ಮಾತು. ಯಾಜಕಕಾಂಡ 15ನೇ ಅಧ್ಯಾಯ ಓದಿ ನೋಡಿ: ಇಂಥ ಸ್ರಾವ ಇರುವವಳು ಮಲಗಿದ ಹಾಸಿಗೆ ಅಶುದ್ಧ, ಕೂತ ಜಾಗ ಅಶುದ್ಧ, ಅವುಗಳನ್ನು ಮುಟ್ಟಿದವರು ಬಟ್ಟೆ ಒಗೆದುಕೊಂಡು ಸ್ನಾನ ಮಾಡಬೇಕು, ಸಂಜೆಯ ತನಕ ಅವರೂ ಅಶುದ್ಧ. 'ಹೊರಗೆ ಕೂರುವುದು' ಏನು ಎಂದು ಗೊತ್ತಿರುವ ಯಾವ ಹೆಂಗಸಿಗೂ ಇದನ್ನು ವಿವರಿಸಬೇಕಾಗಿಲ್ಲ. ತಿಂಗಳಿಗೆ ಮೂರು ದಿನ ಅಲ್ಲ, ಹನ್ನೆರಡು ವರ್ಷ ಹೊರಗೆ ಕೂತವಳು ಇವಳು. ಅಂಥವಳು ಜನರ ನಡುವೆ ನುಗ್ಗಿ, ಎಷ್ಟು ಜನಕ್ಕೆ ತಾಗಿಸಿಕೊಂಡು, ಕೊನೆಗೆ ಒಬ್ಬ ಗುರುವಿನ ಬಟ್ಟೆಯನ್ನೇ ಮುಟ್ಟಿದ್ದಾಳೆ. ಆ ಗುರು ತಿರುಗಿ ನಿಂತು ಕೇಳುತ್ತಾನೆ, ನನ್ನನ್ನು ಮುಟ್ಟಿದ್ದು ಯಾರು? ಅವಳಿಗೆ ಆ ಪ್ರಶ್ನೆ ಹೇಗೆ ಕೇಳಿಸಿರಬೇಡ! ನಡುಗುತ್ತಾ ಬಂದಳು ಎಂದು ಮಾರ್ಕ ಬರೆದಿರುವುದು ಸುಮ್ನೆ ಅಲ್ಲ. ಈ ಭಾಗವನ್ನು ಕೂಟದಲ್ಲಿ ಒಬ್ಬ ಹೆಂಗಸಿನ ಕೈಯಲ್ಲೇ ಓದಿಸಿ. ನಾವು ಗಂಡಸರು ಓದಿದರೆ ಅದು ಬರೀ ಕಾಯಿಲೆಯ ಕಥೆಯಾಗಿಬಿಡುತ್ತದೆ.

ಈಗ ಅವಳ ನಂಬಿಕೆಯನ್ನು ನೋಡಿ. ಬಟ್ಟೆ ಮುಟ್ಟಿದರೆ ಸಾಕು ಎಂದುಕೊಂಡಳು. ನಿಜ ಹೇಳಬೇಕೆಂದರೆ ಇದು ಅರ್ಧ ಮೂಢನಂಬಿಕೆ. ತಾಯತ ಕಟ್ಟಿಕೊಳ್ಳುವವರ ಯೋಚನೆಗೂ ಇದಕ್ಕೂ ಅಂಥ ದೂರ ಏನಿಲ್ಲ. ಕದ್ದು ಮುಟ್ಟಿ, ಕದ್ದು ಹೋಗಿಬಿಡೋಣ ಅಂತಿದ್ದಳು. ಯೇಸು ಅದನ್ನು ತಿದ್ದಲಿಲ್ಲ, ಪಾಠ ಮಾಡಲಿಲ್ಲ. ಅವಳ ಪೂರ್ತಿ ಮಾತು ಕೇಳಿಸಿಕೊಂಡು "ಮಗಳೇ" ಎಂದ. ನಾಲ್ಕು ಸುವಾರ್ತೆಯಲ್ಲೂ ಆತ ಒಬ್ಬ ಹೆಂಗಸನ್ನು ಹೀಗೆ ನೇರವಾಗಿ ಮಗಳೇ ಎಂದು ಕರೆದದ್ದು ಇವಳೊಬ್ಬಳನ್ನೇ. ಪಕ್ಕದಲ್ಲಿ ತನ್ನ ಮಗಳಿಗಾಗಿ ಅಂಗಲಾಚುತ್ತಿರುವ ಒಬ್ಬ ಅಪ್ಪ ನಿಂತಿದ್ದಾನೆ. ಇವಳ ಪರವಾಗಿ ಅಂಗಲಾಚಲು ಯಾರೂ ಬಂದಿಲ್ಲ. ಆ ಒಂದು ಮಾತಿನಿಂದ ಅವಳಿಗೂ ಒಬ್ಬರು ಇದ್ದ ಹಾಗಾಯಿತು.

ಯಾಯೀರನನ್ನು ಮಾತ್ರ ಮರೆಯಬೇಡಿ, ಅವನು ಇಷ್ಟು ಹೊತ್ತೂ ಕಾಯುತ್ತಿದ್ದಾನೆ. ಹನ್ನೆರಡು ವರ್ಷ ಕಾದ ಕಾಯಿಲೆ ಇನ್ನೊಂದು ಗಂಟೆ ಕಾಯುವುದಿಲ್ಲವೇ, ನನ್ನ ಮಗಳು ಸಾಯ್ತಿದ್ದಾಳೆ ಎಂದು ಅವನಿಗೆ ಅನ್ನಿಸಿರಲ್ವಾ? ಆ ಹುಡುಗಿಗೂ ಹನ್ನೆರಡೇ ವರ್ಷ. ಆ ತಡದಲ್ಲೇ ಸುದ್ದಿ ಬರುತ್ತದೆ, ಮಗಳು ಹೋದಳು, ಇನ್ನು ಗುರುವಿಗೆ ಯಾಕೆ ತೊಂದರೆ. ಆಗ ಯೇಸು, ಹೆದರಬೇಡ, ನಂಬಿಕೆ ಮಾತ್ರ ಇರಲಿ ಎನ್ನುತ್ತಾನೆ. ಈ ವಚನವನ್ನು ಎಷ್ಟು ಕ್ಯಾಲೆಂಡರ್‌ಗಳಲ್ಲಿ ಹೂವಿನ ಚಿತ್ರದ ಜೊತೆ ನೋಡಿದ್ದೇವೆ. ಆದರೆ ಇದನ್ನು ಹೇಳಿದ್ದು ಎಲ್ಲ ಮುಗಿದುಹೋಯಿತು ಎಂದು ಕೇಳಿಸಿಕೊಂಡ ಮರುಕ್ಷಣ, ನಡುರಸ್ತೆಯಲ್ಲಿ. ಯಾಯೀರ ಅದಕ್ಕೆ ಉತ್ತರ ಕೊಡುವುದಿಲ್ಲ. ಇಡೀ ಕಥೆಯಲ್ಲಿ ಅವನು ಮತ್ತೆ ಬಾಯಿ ಬಿಡುವುದಿಲ್ಲ. ಆತನ ಜೊತೆ ನಡೆದುಕೊಂಡು ಹೋಗುತ್ತಾನೆ, ಅಷ್ಟೇ. ಅವನ ನಂಬಿಕೆ ಎಷ್ಟು ತೂಕದ್ದಿತ್ತು ಎಂದು ಮಾರ್ಕ ಹೇಳಿಲ್ಲ, ಕಾಲು ನಿಲ್ಲಲಿಲ್ಲ ಎಂದು ಮಾತ್ರ ಗೊತ್ತು.

ನಂಬಿಕೆ ಯಾರದು ಎಂದು ಪ್ರತಿ ಸಲ ಕೇಳಿ

ಕೂಟದಲ್ಲಿ ಕೇಳಲು ನನ್ನ ಹತ್ತಿರ ಇರುವ ಒಳ್ಳೆಯ ಪ್ರಶ್ನೆ ಇದೇ. ಕೇಳಿ ಸುಮ್ಮನಾಗಿ, ಉತ್ತರ ಅವರೇ ಹುಡುಕಲಿ.

ಮಾರ್ಕ 2ರಲ್ಲಿ ಕಪೆರ್ನೌಮಿನ ಮನೆಯ ಮಾಳಿಗೆ ಕಿತ್ತು ಪಾರ್ಶ್ವವಾಯು ರೋಗಿಯನ್ನು ಕೆಳಗಿಳಿಸುತ್ತಾರೆ. ಯೇಸು 'ಅವರ' ನಂಬಿಕೆಯನ್ನು ನೋಡಿದ ಎಂದಿದೆ. ಹೊತ್ತು ತಂದ ನಾಲ್ವರದು. ಮಲಗಿದ್ದವನು ಏನು ನಂಬಿದ್ದನೋ ನಮಗೆ ಗೊತ್ತಿಲ್ಲ. (ಆ ಮನೆಯ ಯಜಮಾನ ಮಾಳಿಗೆ ರಿಪೇರಿಗೆ ಯಾರನ್ನು ಹಿಡಿದನೋ, ಅದೂ ಗೊತ್ತಿಲ್ಲ.) ಯಾಯೀರನ ಮಗಳು ಸತ್ತು ಮಲಗಿದ್ದಳು, ಅವಳು ನಂಬುವ ಮಾತೇ ಇಲ್ಲ. ಯೋಹಾನ 5ರಲ್ಲಿ ಕೊಳದ ಪಕ್ಕ ಮಲಗಿದ್ದ, 38 ವರ್ಷದಿಂದ ಕಾಯಿಲೆಯಲ್ಲಿದ್ದವನನ್ನು, ನಿನಗೆ ಗುಣವಾಗಬೇಕಾ ಎಂದು ಕೇಳಿದರೆ ಅವನು ಹೌದು ಅನ್ನುವುದಿಲ್ಲ, ನೀರು ಉಕ್ಕಿದಾಗ ನನ್ನನ್ನು ಇಳಿಸುವವರು ಯಾರೂ ಇಲ್ಲ ಎಂದು ದೂರು ಹೇಳುತ್ತಾನೆ. ವಾಸಿಯಾದ ಮೇಲೂ ತನ್ನನ್ನು ಎಬ್ಬಿಸಿದವನ ಹೆಸರು ಅವನಿಗೆ ಗೊತ್ತಿರಲಿಲ್ಲ! ಆದರೂ ಎದ್ದು ನಡೆದ.

ಮಾರ್ಕ 9ರಲ್ಲಿ ಫಿಟ್ಸ್ ಬರುವ ಹುಡುಗನ ಅಪ್ಪ. ನಿನ್ನ ಕೈಲಾದರೆ ಏನಾದರೂ ಮಾಡು ಎನ್ನುತ್ತಾನೆ. ಆಮೇಲೆ ಕೂಗಿಕೊಳ್ಳುತ್ತಾನೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು. ಇಷ್ಟು ಪ್ರಾಮಾಣಿಕ ಪ್ರಾರ್ಥನೆ ನಮ್ಮ ಕೂಟಗಳಲ್ಲಿ ಯಾರಾದರೂ ಜೋರಾಗಿ ಮಾಡಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ಯೇಸು ಅದನ್ನು ಸಾಕು ಎಂದುಕೊಂಡ.

ಇನ್ನು ಲೂಕ 17ರ ಹತ್ತು ಕುಷ್ಠರೋಗಿಗಳು. ಹತ್ತೂ ಜನ ಶುದ್ಧರಾದರು, ತಿರುಗಿ ಬಂದವನು ಒಬ್ಬ, ಅವನೂ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು. ನಿನ್ನ ನಂಬಿಕೆ ನಿನ್ನನ್ನು ಸ್ವಸ್ಥ ಮಾಡಿತು ಎನ್ನುವ ಮಾತು ಅವನೊಬ್ಬನಿಗೇ ಸಿಕ್ಕಿದ್ದು. ಅಲ್ಲಿರುವ ಗ್ರೀಕ್ ಮಾತಿಗೆ ವಾಸಿಮಾಡು, ರಕ್ಷಿಸು ಎಂಬ ಎರಡೂ ಅರ್ಥ ಇದೆ. ನಮ್ಮ 'ಉಳಿಸಿತು' ಅದಕ್ಕೆ ಹತ್ತಿರ ಬರುತ್ತದೆ. ಬಾರದೆ ಹೋದ ಒಂಬತ್ತು ಜನರ ಚರ್ಮ ಮತ್ತೆ ಕೆಟ್ಟಿತು ಎಂದು ಲೂಕ ಬರೆದಿಲ್ಲ. ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವ ದೇವರಲ್ಲ ಈ ಕಥೆಯಲ್ಲಿರುವುದು.

ಇಷ್ಟೆಲ್ಲ ಹೇಳಿದ ಮೇಲೆ ಕೂಟದಲ್ಲಿ ಸತ್ಯವೇದ ಚೆನ್ನಾಗಿ ಓದಿಕೊಂಡ ಒಬ್ಬರು ಖಂಡಿತ ನಜರೇತನ್ನು ಎತ್ತುತ್ತಾರೆ. ಅಲ್ಲಿ ಆತನಿಗೆ ಯಾವ ಮಹತ್ಕಾರ್ಯ ಮಾಡಲೂ ಆಗಲಿಲ್ಲ, ಅವರು ನಂಬಲಿಲ್ಲ, ಮಾರ್ಕ 6ರಲ್ಲೇ ಇದೆಯಲ್ಲ ಎಂದು. ಇದೆ, ಇದರಿಂದ ತಪ್ಪಿಸಿಕೊಳ್ಳಬೇಡಿ. ಆದರೆ ಪೂರ್ತಿ ಓದಿಸಿ. ಆ ಊರಿನವರದು ಅಳುತ್ತಾ ಬಂದ ಅಪ್ಪನ ಸಂಶಯ ಅಲ್ಲ, ಇವನು ನಮ್ಮೂರ ಬಡಗಿ ಅಲ್ವಾ, ಇವನ ತಂಗಿಯರು ಇಲ್ಲೇ ಇದ್ದಾರಲ್ವಾ ಎನ್ನುವ ತಾತ್ಸಾರ. ಹಾಗಿದ್ದೂ ಅದೇ ವಚನದಲ್ಲಿ, ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿಮಾಡಿದ ಎಂದಿದೆ. ಅದನ್ನು ನಾವು ಓದುವುದೇ ಇಲ್ಲ.

ಶಕ್ತಿ ಎಂದರೆ ಏನೆಂದು ಕಥೆಗೇ ಕೇಳಿ

ನಮ್ಮ ಮಾತಿನಲ್ಲಿ ಪವಾಡ ಎಂಬ ಶಬ್ದ ಇದೆ, ಅದರ ಹಿಂದೆಯೇ ಪವಾಡಪುರುಷ ಬರುತ್ತಾನೆ. ಕಣ್ಣು ತಕ್ಷಣ ಮಾಡಿದವನ ಕಡೆ ಹೋಗುತ್ತದೆ. ಕನ್ನಡ ಸತ್ಯವೇದದಲ್ಲಿ ಬೇರೆ ಮೂರು ಮಾತುಗಳಿವೆ, ಅಪೊಸ್ತಲರ ಕೃತ್ಯಗಳು 2:22ರಲ್ಲಿ ಮೂರೂ ಒಟ್ಟಿಗೆ ಸಿಗುತ್ತವೆ: ಮಹತ್ಕಾರ್ಯ, ಅದ್ಭುತಕಾರ್ಯ, ಸೂಚಕಕಾರ್ಯ. ಮೊದಲನೆಯದು ಶಕ್ತಿಯ ಕೆಲಸ, ಎರಡನೆಯದು ಬೆರಗು ಹುಟ್ಟಿಸುವುದು, ಮೂರನೆಯದು ಗುರುತು. ಯೋಹಾನನಿಗೆ ಈ ಮೂರನೆಯದೇ ಇಷ್ಟ. ಊರಿನ ದಾರಿ ತೋರಿಸುವ ಬೋರ್ಡ್ ಇದ್ದ ಹಾಗೆ. ಬೋರ್ಡ್ ಕೆಳಗೇ ಚಾಪೆ ಹಾಸಿ ಕೂತರೆ ಊರು ಸಿಗುವುದಿಲ್ಲ.

ಮೊದಲ ಸೂಚಕಕಾರ್ಯ ಕಾನಾ ಊರಿನ ಮದುವೆ ಮನೆಯಲ್ಲಿ. ಆರು ಕಲ್ಲಿನ ಬಾನೆ, ಇವತ್ತಿನ ಲೆಕ್ಕದಲ್ಲಿ ಒಂದೊಂದರಲ್ಲಿ ಸುಮಾರು 80ರಿಂದ 120 ಲೀಟರ್ ಹಿಡಿಯುತ್ತದೆ. ಒಟ್ಟು 480 ಲೀಟರಿಗೆ ಕಡಿಮೆ ಇಲ್ಲದಷ್ಟು ದ್ರಾಕ್ಷಾರಸ, ಅದೂ ಜನ ಆಗಲೇ ಕುಡಿದಾದ ಮೇಲೆ! ತಮಾಷೆ ಏನೆಂದರೆ ಇಷ್ಟು ದೊಡ್ಡದು ನಡೆದದ್ದು ಅಲ್ಲಿ ದೊಡ್ಡವರಿಗೆ ಗೊತ್ತೇ ಆಗಲಿಲ್ಲ. ಔತಣದ ಮೇಲ್ವಿಚಾರಕ ಮದುಮಗನನ್ನು ಕರೆದು ಹೊಗಳುತ್ತಾನೆ. ಗೊತ್ತಿದ್ದದ್ದು ನೀರು ಹೊತ್ತು ಹೊತ್ತು ಸೊಂಟ ಬಿದ್ದುಹೋದ ಆಳುಗಳಿಗೆ. ಮೈಕ್ ಹಿಡಿದು, ಈಗ ನೋಡಿ ಏನಾಗುತ್ತೆ ಎಂದು ಕೂಗುವ ಕೂಟಗಳಿಗೆ ಹೋಗಿ ಬಂದ ಮೇಲೆ ಈ ಕಥೆ ಓದಿದರೆ ಏನೋ ಸಮಾಧಾನ.

ಇನ್ನೊಂದು, ಬಿರುಗಾಳಿಯ ಕಥೆ, ಮಾರ್ಕ 4. ಗಲಿಲಾಯ ಸಮುದ್ರ ಎನ್ನುತ್ತೇವೆ, ನಿಜವಾಗಿ ಅದು ಸಿಹಿನೀರಿನ ಸರೋವರ, ಉದ್ದ 21 ಕಿಲೋಮೀಟರ್ ಇರಬಹುದು. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗೆ, ಸುತ್ತ ಗುಡ್ಡ, ಗಾಳಿ ಇದ್ದಕ್ಕಿದ್ದ ಹಾಗೆ ಇಳಿದು ಬರುತ್ತದೆ. 1986ರಲ್ಲಿ ಬರಗಾಲ ಬಂದು ನೀರು ಇಳಿದಾಗ ದಡದ ಕೆಸರಿನಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಮೀನುದೋಣಿಯೊಂದು ಸಿಕ್ಕಿತು. ಉದ್ದ ಎಂಟು ಮೀಟರ್ ಚಿಲ್ಲರೆ, ಅಗಲ 2.3 ಮೀಟರ್. ಇದನ್ನು ಹೇಳಿ, ಹಾಲ್‌ನಲ್ಲೇ ಹೆಜ್ಜೆ ಹಾಕಿ ಅಳೆದು ತೋರಿಸಿ. ಇಷ್ಟರಲ್ಲಿ ಹದಿಮೂರು ಜನ, ಒಳಗೆ ನೀರು ತುಂಬುತ್ತಿದೆ, ಹಿಂದುಗಡೆ ಒಬ್ಬ ತಲೆದಿಂಬು ಇಟ್ಟುಕೊಂಡು ಮಲಗಿದ್ದಾನೆ. ಮಕ್ಕಳಿದ್ದರೆ ಆ ಜಾಗದಲ್ಲಿ ಅವರನ್ನು ಕೂರಿಸಿ, ಕಥೆ ಜನ್ಮದಲ್ಲಿ ಮರೆಯುವುದಿಲ್ಲ.

ಆಮೇಲೆ ಕೊನೆಯ ವಚನ ಓದಿಸಿ. ಗಾಳಿ ನಿಂತ ಮೇಲೆ ಶಿಷ್ಯರು ನಿಟ್ಟುಸಿರು ಬಿಟ್ಟರೇ? ಇಲ್ಲ, ಬಹಳ ಹೆದರಿಕೊಂಡರು. ಗಾಳಿಗಿಂತ ಗಾಳಿ ನಿಲ್ಲಿಸಿದವನ ಭಯ ಜಾಸ್ತಿಯಾಯಿತು. ಈತ ಯಾರು ಹಾಗಾದರೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಕಥೆ ಆ ಪ್ರಶ್ನೆಯಲ್ಲೇ ನಿಲ್ಲುತ್ತದೆ, ನೀವೂ ಅಲ್ಲೇ ನಿಲ್ಲಿಸಿ. ನಮ್ಮ ಜೀವನದ ಬಿರುಗಾಳಿ, ಸಾಲದ ಬಿರುಗಾಳಿ ಎಂದು ಎಳೆಯಲು ಹೋಗಬೇಡಿ.

ಶಕ್ತಿಯನ್ನು ಕೈಯಲ್ಲಿ ಹಿಡಿಯಲು ಹೋದವರ ಕಥೆಯೂ ಇದೆ, ಅದನ್ನೂ ವರ್ಷಕ್ಕೊಮ್ಮೆ ಓದಿಸಬೇಕು. ಸಮಾರ್ಯದ ಮಾಟಗಾರ ಸೀಮೋನ ಹಣ ತಂದು, ಈ ಅಧಿಕಾರ ನನಗೂ ಕೊಡಿ ಎಂದ, ಪೇತ್ರನ ಕೈಲಿ ಚೆನ್ನಾಗಿ ಉಗಿಸಿಕೊಂಡ. ಲುಸ್ತ್ರದಲ್ಲಿ ಹುಟ್ಟುಕುಂಟ ಎದ್ದು ನಡೆದಾಗ ಜನ ಪೌಲ ಬಾರ್ನಬರನ್ನೇ ದೇವರೆಂದು ಹೋರಿ, ಹೂಮಾಲೆ ತಂದರು. ಅವರು ಬಟ್ಟೆ ಹರಿದುಕೊಂಡು, ನಾವೂ ನಿಮ್ಮ ಹಾಗೇ ಮನುಷ್ಯರು ಎಂದು ಕೂಗಿಕೊಂಡರು. ಬೋಧಕರ ಫೋಟೊ ಆಳೆತ್ತರದ ಫ್ಲೆಕ್ಸ್‌ನಲ್ಲಿ ಕಂಡಾಗೆಲ್ಲ ನನಗೆ ಆ ಹೋರಿ ನೆನಪಾಗುತ್ತದೆ.

ಆಗದೆ ಹೋದದ್ದನ್ನೂ ಓದಿಸಿ

ಕೂತಿರುವ ಹತ್ತು ಜನರಲ್ಲಿ ಇಬ್ಬರಾದರೂ ಪ್ರಾರ್ಥನೆ ಮಾಡಿ ಕಳೆದುಕೊಂಡವರು ಇರುತ್ತಾರೆ. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ವಾಕ್ಯ ಸಿದ್ಧ ಮಾಡಿ.

ಅಪೊಸ್ತಲರ ಕೃತ್ಯಗಳು 12ನ್ನು ನಾವು ಯಾವಾಗಲೂ ಪೇತ್ರನ ಬಿಡುಗಡೆಯಿಂದ ಶುರುಮಾಡುತ್ತೇವೆ. ಎರಡನೇ ವಚನದಿಂದ ಓದಿ. ಹೆರೋದ ರಾಜ ಯೇಸುವಿನ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಒಂದೇ ವಚನ, ಮುಗಿಯಿತು. ಸರಪಣಿ ಕಳಚಲಿಲ್ಲ, ದೂತ ಬರಲಿಲ್ಲ. ಅದೇ ಸಭೆ, ಅದೇ ರಾಜ, ಬಹುಶಃ ಅದೇ ಸೆರೆಮನೆ. ಪೇತ್ರ ಹೊರಗೆ ಬಂದ, ಯಾಕೋಬ ಬರಲಿಲ್ಲ. ಯಾಕೋಬನ ತಾಯಿಗೆ ನಂಬಿಕೆ ಸಾಲಲಿಲ್ಲ ಎಂದು ಲೂಕ (ಈ ಪುಸ್ತಕವೂ ಅವನದೇ) ಬರೆಯುವುದಿಲ್ಲ. ಏನೂ ಕಾರಣ ಕೊಡುವುದಿಲ್ಲ. ಇನ್ನು ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆ ನೋಡಿ: ಅವನೇ ಬಂದು ಬಾಗಿಲು ತಟ್ಟುತ್ತಿದ್ದಾನೆ ಎಂದು ರೋದೆ ಎಂಬ ಹುಡುಗಿ ಓಡಿ ಬಂದು ಹೇಳಿದರೆ, ನಿನಗೆ ಹುಚ್ಚು ಎಂದರು. ಒಳಗೆ ಪ್ರಾರ್ಥನೆ, ಹೊರಗೆ ಉತ್ತರ ಬಾಗಿಲು ಬಡಿಯುತ್ತಾ ನಿಂತಿದೆ! ಮನೆ ಪ್ರಾರ್ಥನೆ ಎಂದರೆ ಮೊದಲಿಂದಲೂ ಹೀಗೇ ಇತ್ತು ಅನ್ನಿಸಿ ನನಗೆ ನಗು ಬರುತ್ತದೆ.

ಪೌಲನ ವಿಷಯ ಗೊತ್ತಲ್ಲ, ಶರೀರದಲ್ಲಿ ನಾಟಿದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದ, ತೆಗೆಯಲಿಲ್ಲ. ಅದಕ್ಕಿಂತ ಚಿಕ್ಕದೊಂದು ಇದೆ, ಎರಡನೇ ತಿಮೊಥೆಯ 4:20. ತ್ರೊಫಿಮ ಅಸ್ವಸ್ಥನಾಗಿದ್ದ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಎಂದು ಪೌಲ ಬರೆಯುತ್ತಾನೆ. ಎಷ್ಟೋ ಜನರನ್ನು ಎಬ್ಬಿಸಿದ ಪೌಲ, ತನ್ನ ಜೊತೆಗಾರನನ್ನು ಹಾಸಿಗೆಯಲ್ಲೇ ಬಿಟ್ಟು ಮುಂದಿನ ಊರಿಗೆ ಹೋಗಬೇಕಾಯಿತು. ಚಿಕ್ಕಪ್ಪನ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅರ್ಧ ವಚನ.

ಸಾಕ್ಷಿ, ಹರಕೆ, ಮಾತ್ರೆ

ವಾಕ್ಯ ಆದ ಮೇಲೆ ಯಾರಾದರೂ ಸಾಕ್ಷಿ ಹೇಳುತ್ತಾರೆ. ಹೇಳಲಿ. ತಡೆಯಬೇಡಿ, ಸಂತೋಷಪಡಿ. ನನಗೆ ಏನಾಯಿತು ಎಂದು ಹೇಳುವುದು ಸಾಕ್ಷಿ, ಹೀಗೆ ಮಾಡಿದರೆ ನಿಮಗೂ ಆಗುತ್ತೆ ಎನ್ನುವುದು ಸಾಕ್ಷಿ ಅಲ್ಲ. ಎರಡನೆಯದು ಶುರುವಾದ ಕೂಡಲೇ ಮೆಲ್ಲಗೆ ಒಂದು ಹಾಡು ಎತ್ತಿಬಿಡಿ. ನಮ್ಮ ಕೂಟದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಗುಣವಾಯಿತು ಎಂದು ಘೋಷಿಸಲು ಅವಸರ ಬೇಡ. ಫ್ರಾನ್ಸಿನ ಲೂರ್ದ್ ಎಂಬ ಕ್ಯಾಥೋಲಿಕ್ ಯಾತ್ರಾಸ್ಥಳಕ್ಕೆ 1858ರಿಂದ ರೋಗಿಗಳು ಹೋಗುತ್ತಿದ್ದಾರೆ. ವಾಸಿಯಾಯಿತು ಎಂದು ಹೇಳಿಕೊಂಡವರ ದಾಖಲೆ ಏಳು ಸಾವಿರ ದಾಟಿದೆ. ಅದರಲ್ಲಿ ಕ್ಯಾಥೋಲಿಕ್ ಸಭೆ ಅದ್ಭುತ ಎಂದು ಒಪ್ಪಿದ್ದು 2018ರಲ್ಲಿ 70ನೆಯದು. ಅದು ಒಬ್ಬ ಸನ್ಯಾಸಿನಿಯದು. ಅವರು ಗುಣವಾದದ್ದು 2008ರಲ್ಲಿ, ವೈದ್ಯರು ಪರೀಕ್ಷೆ ಮಾಡಿ ಮಾಡಿ ಬಿಷಪ್ ಹೌದು ಎನ್ನುವಷ್ಟರಲ್ಲಿ ಹತ್ತು ವರ್ಷ. ನಾವು ಹತ್ತು ನಿಮಿಷ ಕಾಯುವುದಿಲ್ಲ, ಪ್ರಾರ್ಥನೆ ಮುಗಿಯುವ ಮುಂಚೆ ವಾಟ್ಸಾಪ್ ಗ್ರೂಪಿಗೆ ಹೋಗಿರುತ್ತದೆ.

ಕಾರ್ಕಳದ ಹತ್ತಿರದ ಅತ್ತೂರಿಗೋ ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಹತ್ತಿರವೋ ಹರಕೆ ಹೊತ್ತು ಹೋಗಿ ಬಂದವರು ನಿಮ್ಮ ಕೂಟದಲ್ಲೂ ಇರಬಹುದು, ಪಕ್ಕದ ಮನೆಯ ಹಿಂದೂ ಅಕ್ಕನೂ ಹೋಗಿ ಬಂದಿರಬಹುದು. ನಮ್ಮಂಥ ಪ್ರೊಟೆಸ್ಟೆಂಟರಿಗೆ ಮೂಗು ಮುರಿಯಲು ಬಹಳ ಬೇಗ ಬರುತ್ತದೆ. ಬಟ್ಟೆಯ ಅಂಚು ಹಿಡಿದವಳನ್ನು ನೆನಪಿಸಿಕೊಂಡು ಸುಮ್ಮನಿರಿ.

ಮಾತ್ರೆ ನಿಲ್ಲಿಸಿ ಎಂದು ಯಾರಿಗೂ ಹೇಳಬೇಡಿ. ಬಿಪಿ, ಶುಗರ್, ಫಿಟ್ಸ್, ಮನಸ್ಸಿನ ಕಾಯಿಲೆ, ಯಾವುದಕ್ಕೂ. ಯಾರಾದರೂ ತಾವೇ ನಿಲ್ಲಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದರೆ ಚಪ್ಪಾಳೆ ತಟ್ಟಬೇಡಿ, ಆಮೇಲೆ ಪಕ್ಕಕ್ಕೆ ಕರೆದು ಡಾಕ್ಟರ ಹತ್ತಿರ ಕಳಿಸಿ, ಬೇಕಾದರೆ ಜೊತೆಗೆ ಹೋಗಿ. ಕರಪತ್ರದಲ್ಲಿ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಅಚ್ಚು ಹಾಕಿಸುವ ಚಪಲವೂ ಬೇಡ. ಪವಾಡಶಕ್ತಿಯ ಹೆಸರಿನಲ್ಲಿ ಇಂಥ ರೋಗ ವಾಸಿಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ತಡೆಯುವ ಕಾನೂನು ನಮ್ಮ ದೇಶದಲ್ಲಿ 1954ರಿಂದಲೇ ಇದೆ. ಮಾರ್ಕ 8ರಲ್ಲಿ ಬೆತ್ಸಾಯಿದದ ಕುರುಡನ ಮೇಲೆ ಯೇಸುವೇ ಎರಡು ಸಲ ಕೈಯಿಡಬೇಕಾಯಿತು. ಮೊದಲ ಸಲಕ್ಕೆ ಅವನಿಗೆ ಮನುಷ್ಯರು ಮರಗಳ ಹಾಗೆ ಕಂಡರು. ಮಂಜು ಮಂಜಾಗಿ ಕಾಣುತ್ತಿದೆ ಎಂದು ನಿಜ ಹೇಳಿದ್ದಕ್ಕೆ ಯಾರೂ ಅವನನ್ನು ಬೈಯಲಿಲ್ಲ.

ಆ ಸಂಜೆ

ಒಟ್ಟು ಒಂದು ಗಂಟೆ ಇದ್ದರೆ ಓದಲು ಹತ್ತು ನಿಮಿಷ ಕೊಡಿ, ಎರಡು ಸಲ, ಬೇರೆ ಬೇರೆ ದನಿಯಲ್ಲಿ. ನೀವು ಮಾತಾಡುವುದು ಹದಿನೈದು ನಿಮಿಷ ಮೀರದಿರಲಿ. ಉಳಿದದ್ದು ಅವರದು. ಪ್ರಶ್ನೆ ಕೇಳಿದ ಮೇಲೆ ಮೌನ ಬಂದರೆ ತುಂಬಲು ಹೋಗಬೇಡಿ, ಫ್ಯಾನ್ ಸದ್ದು ಕೇಳಿಸಲಿ. ರೋಗಿಗಾಗಿ ಪ್ರಾರ್ಥಿಸುವಾಗ ಗುಣ ಬೇಕು ಎಂದು ಬಾಯಿಬಿಟ್ಟು ಕೇಳಿ, ಯಾಯೀರ ಹಾಗೇ ಕೇಳಿದ್ದು. ಸಂಕೋಚ ಬೇಡ. ಆದರೆ ಆ ರೋಗಿಯ ನಂಬಿಕೆಯ ತೂಕ ಹಾಕುವ ಮಾತು ಒಂದೂ ಬೇಡ.

ಚಿಕ್ಕಪ್ಪ ಹೋಗಿ ಒಂದು ವರ್ಷವಾದ ಮೇಲೆ ಚಿಕ್ಕಮ್ಮನ ಮನೆಯಲ್ಲೇ ಕೂಟ ಇತ್ತು. ನಾನು ಇದೇ ಮಾರ್ಕ 5 ತೆಗೆದೆ. ಭಯ ಇತ್ತು, ಸತ್ತ ಮಗಳು ಎದ್ದ ಕಥೆಯನ್ನು ಆ ಮನೆಯಲ್ಲಿ ಓದುವುದಾ ಎಂದು. ತಲಿಥಾ ಕೂಮ್, ಅಂದರೆ ಹುಡುಗಿ ಏಳು, ಎಂದದ್ದಾಯಿತು, ಹುಡುಗಿ ಎದ್ದು ನಡೆದಾಡಿದಳು, ಆಮೇಲೆ ಕೊನೆಯ ವಚನ, ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದು ಯೇಸು ಹೇಳಿದ. ನಾನು ಪುಸ್ತಕ ಮುಚ್ಚುವುದರಲ್ಲಿದ್ದೆ. ಅಷ್ಟು ಹೊತ್ತು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ ಚಿಕ್ಕಮ್ಮ ಕೇಳಿದರು, "ಏನು ಕೊಟ್ಟಿರ್ತಾರೆ?"

ಯಾರಿಗೂ ಅರ್ಥವಾಗಲಿಲ್ಲ.

"ಅಲ್ವೋ, ಸಾವಿನ ಮನೆ ಅದು. ಅಳೋರೆಲ್ಲ ಬಂದು ಕೂತಿದ್ರು ಅಂತ ನೀನೇ ಓದಿದೆಯಲ್ಲ. ಅವತ್ತು ಒಲೆ ಹಚ್ಚಿರ್ತಾರಾ? ಮನೇಲಿ ಏನೂ ಇರಲ್ಲ. ಪಕ್ಕದ ಮನೆಯಿಂದ ತಂದಿರ್ಬೇಕು. ಇಲ್ಲಾಂದ್ರೆ ಅವರಮ್ಮಾನೇ ಎದ್ದು ಒಲೆ ಹಚ್ಚಿರ್ಬೇಕು."

ಹೇಳುತ್ತಲೇ ಮಂಡಿ ಹಿಡಿದುಕೊಂಡು ಎದ್ದರು. ಉಪ್ಪಿಟ್ಟು ಆರಿಹೋಗಿರುತ್ತೆ, ಬಿಸಿ ಮಾಡ್ತೀನಿ ಇರಿ ಎಂದು ಒಳಗೆ ಹೋದರು.